ಎಲ್ಲ ಸುದ್ದಿ ಗೊತ್ತಿದ್ದೂ ಸೋತವನು: ಮೋಲಿಯೇರನ ‘ಹೆಂಡತಿಯರ ಶಾಲೆ’

(ನಾಟಕಪ್ರಿಯರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪೀಠಿಕೆ ಬೇಡ, ನೇರವಾಗಿ ನಾಟಕದ ಒಳಗೆ ಹೋಗೋಣ.

ನಲವತ್ತೆರಡು ವಯಸ್ಸಿನ ಒಬ್ಬ ಹಣವಂತ ಬೀದಿಯಲ್ಲಿ ನಿಂತಿದ್ದಾನೆ. ಹೆಸರು ಅರ್ನೊಲ್ಫ್. ಹಳೆಯ ಸ್ನೇಹಿತನ ಮಗ ಒರಾಸ್ ಎದುರಾಗುತ್ತಾನೆ. ಹುಡುಗ ಊರಿಗೆ ಹೊಸಬ, ಕೈಯಲ್ಲಿ ಕಾಸಿಲ್ಲ. ನೂರು ಪಿಸ್ಟೋಲ್ ಸಾಲ ಕೇಳುತ್ತಾನೆ. ಅರ್ನೊಲ್ಫ್ ಧಾರಾಳಿ, ಅಲ್ಲೇ ಎಣಿಸಿ ಕೊಡುತ್ತಾನೆ. ಆಮೇಲೆ ಕಣ್ಣು ಮಿಟುಕಿಸಿ ಕೇಳುತ್ತಾನೆ: ‘ಏನಪ್ಪಾ, ನೋಡೋಕೆ ಲಕ್ಷಣವಾಗಿದ್ದೀಯ. ಇಲ್ಲಿ ಯಾರಾದರೂ ಸಿಕ್ಕಳಾ?’ ಊರಿನಲ್ಲಿ ಯಾವ ಗಂಡನಿಗೆ ಯಾವ ಹೆಂಡತಿ ಟೋಪಿ ಹಾಕಿದಳು ಅನ್ನೋ ಕತೆಗಳು ಅಂದರೆ ಈ ಮನುಷ್ಯನಿಗೆ ಪ್ರಾಣ. ಅವನ್ನು ಬರೆದಿಡಲು ಒಂದು ಪುಸ್ತಕವನ್ನೇ ಇಟ್ಟುಕೊಂಡಿದ್ದಾನೆ.

ಹುಡುಗ ಎಲ್ಲ ಹೇಳಿಬಿಡುತ್ತಾನೆ. ‘ಅಗೋ, ಆ ಕೆಂಪು ಗೋಡೆಯ ಮನೆ ಕಾಣುತ್ತದಲ್ಲ? ಅಲ್ಲೊಬ್ಬಳು ಹುಡುಗಿ ಇದ್ದಾಳೆ. ಹೆಸರು ಆನ್ಯೆಸ್. ಒಬ್ಬ ಪೆದ್ದ ಅವಳನ್ನು ಕೂಡಿಹಾಕಿದ್ದಾನೆ. ಸೂಶ್ ಅಂತಲೋ ಏನೋ ಅವನ ಹೆಸರು. ದುಡ್ಡಿದೆಯಂತೆ, ಬುದ್ಧಿ ಕಡಿಮೆಯಂತೆ. ನಿಮಗೆ ಪರಿಚಯವೇ?’

ಆ ಸೂಶ್ ಬೇರೆ ಯಾರೂ ಅಲ್ಲ, ಇದೇ ಅರ್ನೊಲ್ಫ್. ಹುಡುಗ ಬಿಡದೆ ಮತ್ತೆ ಕೇಳುತ್ತಾನೆ: ‘ಹುಚ್ಚ, ಅಲ್ವಾ?’ ಅರ್ನೊಲ್ಫ್‌ನ ಬಾಯಿಂದ ‘ಹ್ಞೂ... ಅದೂ...’ ಅನ್ನುವಷ್ಟು ಮಾತ್ರ ಹೊರಡುತ್ತದೆ. ಹುಡುಗ ಇನ್ನೊಂದನ್ನೂ ಹೇಳಿ ಹೋಗುತ್ತಾನೆ: ‘ನೀವು ಕೊಟ್ಟ ದುಡ್ಡು ಇದೇ ಕೆಲಸಕ್ಕೆ. ದುಡ್ಡಿಗೆ ತೆರೆಯದ ಬಾಗಿಲು ಯಾವುದಿದೆ, ಹೇಳಿ!’

ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ತಾನೇ ಸೂಶ್ ಅಂತ ಹೇಳಿಬಿಟ್ಟರೆ ಹುಡುಗ ಎಚ್ಚರವಾಗುತ್ತಾನೆ, ಮುಂದಿನ ಸುದ್ದಿ ನಿಂತುಹೋಗುತ್ತದೆ. ಹೇಳದಿದ್ದರೆ ತನ್ನ ಬೈಗುಳವನ್ನು ತಾನೇ ನಿಂತು ಕೇಳಬೇಕು. ಅವನು ಕೇಳುವುದನ್ನೇ ಆರಿಸಿಕೊಳ್ಳುತ್ತಾನೆ. ಅಲ್ಲಿಂದ ಮುಂದೆ ನಾಟಕ ಮುಗಿಯುವವರೆಗೂ ಆ ಹುಡುಗ ಮತ್ತೆ ಮತ್ತೆ ಬರುತ್ತಾನೆ, ಮತ್ತೆ ಮತ್ತೆ ಹೇಳುತ್ತಾನೆ. ಇವನು ಕೇಳುತ್ತಾನೆ.

ನಾಟಕದ ಹೆಸರು ‘ಲೆಕೋಲ್ ದೆ ಫಾಮ್’, ಅಂದರೆ ‘ಹೆಂಡತಿಯರ ಶಾಲೆ’. ಬರೆದವನು ಫ್ರಾನ್ಸಿನ ನಾಟಕಕಾರ ಮೋಲಿಯೇರ್. ಐದು ಅಂಕ, ಪದ್ಯನಾಟಕ. 1662ರ ಡಿಸೆಂಬರ್ 26ರಂದು ಪ್ಯಾರಿಸ್ಸಿನ ಪಲೇ ರೊಯಾಲ್ ರಂಗಮಂದಿರದಲ್ಲಿ ಮೊದಲ ಪ್ರದರ್ಶನ. ಅರ್ನೊಲ್ಫ್‌ನ ಪಾತ್ರ ಮಾಡಿದವನು ಮೋಲಿಯೇರ್ ತಾನೇ. ನಮ್ಮಲ್ಲಿ ಮೋಲಿಯೇರ್ ಅಂದರೆ ಜಾಸ್ತಿ ಜನಕ್ಕೆ ನೆನಪಾಗುವುದು ಎ.ಎನ್. ಮೂರ್ತಿರಾಯರ ‘ಆಷಾಢಭೂತಿ’. ಅದರ ಮೂಲ ‘ತಾರ್ತ್ಯೂಫ್’. ಇವತ್ತಿನ ನಾಟಕ ಅದಕ್ಕಿಂತ ಒಂದೂವರೆ ವರ್ಷ ಮುಂಚಿನದು. ಮೋಲಿಯೇರನ ಮೊದಲ ದೊಡ್ಡ ಗಲಾಟೆ ಶುರುವಾಗಿದ್ದೂ ಇದರಿಂದಲೇ. ಅದಕ್ಕೆ ಆಮೇಲೆ ಬರುತ್ತೇನೆ.

ಅರ್ನೊಲ್ಫ್‌ನ ಲೆಕ್ಕಾಚಾರ ನೋಡಿ. ಊರಿನ ಗಂಡಂದಿರನ್ನೆಲ್ಲ ನೋಡಿ ನಕ್ಕವನು ಅವನು. ತನಗೂ ಅದೇ ಗತಿ ಬಂದರೆ ಊರೆಲ್ಲ ತಿರುಗಿ ನಗುತ್ತದೆ ಅಂತ ಅವನಿಗೆ ಗೊತ್ತು. ಆದರೂ ಮದುವೆ ಆಗಬೇಕು. ಹಾಗಾಗಿ ಒಂದು ಉಪಾಯ ಮಾಡಿದ್ದಾನೆ. ಒಬ್ಬಳು ರೈತ ಹೆಂಗಸಿನ ಹತ್ತಿರ ಬೆಳೆಯುತ್ತಿದ್ದ ನಾಲ್ಕು ವರ್ಷದ ಮಗುವನ್ನು ತಂದು, ಒಂದು ಪುಟ್ಟ ಕಾನ್ವೆಂಟಿನಲ್ಲಿ ಬಿಟ್ಟು, ‘ಇವಳನ್ನು ಎಷ್ಟು ದಡ್ಡಿಯಾಗಿ ಬೆಳೆಸಲು ಸಾಧ್ಯವೋ ಅಷ್ಟು ದಡ್ಡಿಯಾಗಿ ಬೆಳೆಸಿ’ ಅಂತ ಹೇಳಿದ್ದಾನೆ. ಹೆಂಡತಿಗೆ ಏನು ಬರಬೇಕು? ದೇವರ ಪ್ರಾರ್ಥನೆ, ಗಂಡನನ್ನು ಪ್ರೀತಿಸುವುದು, ಹೊಲಿಗೆ, ನೂಲುವುದು. ಅಷ್ಟೇ. ‘ಮಕ್ಕಳು ಹುಟ್ಟುವುದು ಕಿವಿಯಿಂದಲೇ?’ ಅಂತ ಆ ಹುಡುಗಿ ಒಂದು ದಿನ ಕೇಳಿದಳಂತೆ. ಅದನ್ನು ಅವನು ಸ್ನೇಹಿತ ಕ್ರಿಸಾಲ್ಡ್‌ಗೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ, ಮಗಳು ರ್ಯಾಂಕ್ ಬಂದಷ್ಟು ಖುಷಿಯಲ್ಲಿ.

ಅವನ ಎರಡು ಹೆಸರಿನ ಕತೆಯೂ ಸ್ವಾರಸ್ಯವಾಗಿದೆ. ತನ್ನ ಜಮೀನಿನ ಒಂದು ಕೊಳೆತ ಮರದ ಬುಡದ ಹೆಸರಿನಲ್ಲಿ ‘ಮಿಸ್ಯೂ ದ ಲಾ ಸೂಶ್’ ಅಂತ ದೊಡ್ಡಮನುಷ್ಯರ ಹೆಸರಿಟ್ಟುಕೊಂಡಿದ್ದಾನೆ. ಕ್ರಿಸಾಲ್ಡ್ ಅದಕ್ಕೆ ಗೇಲಿ ಮಾಡುತ್ತಾನೆ: ‘ಒಬ್ಬ ರೈತ ಇದ್ದ. ಇದ್ದದ್ದು ಒಂದು ತುಂಡು ನೆಲ. ಸುತ್ತ ಒಂದು ಕೆಸರು ಕಾಲುವೆ ತೋಡಿಸಿ, ದ್ವೀಪದ ಒಡೆಯ ಅಂತ ಹೆಸರಿಟ್ಟುಕೊಂಡ.’ ಈ ಒಣ ಜಂಬ ಇಲ್ಲದಿದ್ದರೆ ಒರಾಸ್‌ಗೆ ಎರಡು ಹೆಸರೂ ಒಬ್ಬನದೇ ಅಂತ ಗೊತ್ತಾಗುತ್ತಿತ್ತು, ನಾಟಕವೇ ಇರುತ್ತಿರಲಿಲ್ಲ.

ಹೀಗೆ ಹುಡುಗಿಯನ್ನು ಕೂಡಿಹಾಕಿ ಬೆಳೆಸುವ ಕತೆ ಮೋಲಿಯೇರನ ಸ್ವಂತದ್ದಲ್ಲ. ಸ್ಪೇನಿನ ಲೇಖಕಿ ಮರಿಯಾ ದೆ ಸಾಯಾಸ್ ಬರೆದದ್ದನ್ನು ಫ್ರೆಂಚ್ ಲೇಖಕ ಸ್ಕಾರೊನ್ ತನ್ನ ಭಾಷೆಗೆ ತಂದಿದ್ದ. ಪ್ರತಿಸ್ಪರ್ಧಿಗೇ ಎಲ್ಲ ಹೇಳಿಕೊಳ್ಳುವ ಪ್ರೇಮಿಯ ಕತೆ ಇಟಲಿಯ ಕತೆಗಾರ ಸ್ಟ್ರಪರೋಲಾನಲ್ಲಿತ್ತು. ಎರಡನ್ನೂ ಕಲಸಿದ್ದು ಮೋಲಿಯೇರನ ಕೈಚಳಕ. ಕಲಸಿದ ಮೇಲೆ ಹುಟ್ಟಿದ್ದು ಹೊಸದೇ ಒಂದು ಪ್ರಶ್ನೆ. ಸಂಶಯದ ಗಂಡಸರೆಲ್ಲ ಒಂದು ಮಾತು ಹೇಳುತ್ತಾರೆ: ‘ನನಗೆ ಗೊತ್ತಾಗಬೇಕು, ಅಷ್ಟೇ. ಎಲ್ಲಿಗೆ ಹೋದಳು, ಯಾರ ಹತ್ತಿರ ಮಾತಾಡಿದಳು, ಗೊತ್ತಾದರೆ ಸಾಕು, ನಾನು ನೋಡಿಕೊಳ್ಳುತ್ತೇನೆ.’ ಸರಿ, ತಗೋ ಅನ್ನುತ್ತಾನೆ ಮೋಲಿಯೇರ್. ಎಲ್ಲವನ್ನೂ ಗೊತ್ತುಮಾಡಿಸುತ್ತೇನೆ. ಕದ್ದು ಕೇಳಬೇಕಿಲ್ಲ, ಆಳನ್ನು ಇಡಬೇಕಿಲ್ಲ. ಪ್ರೇಮಿಯೇ ಬಂದು ವರದಿ ಒಪ್ಪಿಸುತ್ತಾನೆ. ಹುಡುಗಿಗೆ ಸುಳ್ಳು ಹೇಳಲು ಬರುವುದಿಲ್ಲ, ಅವಳೂ ಎಲ್ಲ ಹೇಳುತ್ತಾಳೆ. ಈಗ ಗೆದ್ದು ತೋರಿಸು!

ಅವನು ಗೆಲ್ಲುವುದಿಲ್ಲ. ನನಗೆ ಈ ನಾಟಕದ ಪೂರ್ತಿ ಸಾರ ಇಷ್ಟೇ ಅನಿಸುತ್ತದೆ.

ಎರಡನೇ ಅಂಕಕ್ಕೆ ಬನ್ನಿ. ಒರಾಸ್‌ನಿಂದ ಸುದ್ದಿ ಕೇಳಿ ಅರ್ನೊಲ್ಫ್‌ನ ಮೈ ಉರಿಯುತ್ತಿದೆ. ಸಿಟ್ಟು ಬಂದಾಗ ಮೊದಲು ಅಕ್ಷರಮಾಲೆ ಹೇಳಿಕೊಳ್ಳಬೇಕು ಅಂತ ಯಾರೋ ಗ್ರೀಕನೊಬ್ಬ ಅಗಸ್ಟಸ್ ಚಕ್ರವರ್ತಿಗೆ ಹೇಳಿದ್ದನ್ನು ನೆನಪಿಸಿಕೊಂಡು, ಸಮಾಧಾನ ಮಾಡಿಕೊಂಡು, ಆನ್ಯೆಸ್‌ಳನ್ನು ವಾಕಿಂಗಿಗೆ ಕರೆಯುತ್ತಾನೆ. ಮಾತು ಹೀಗೆ ಸಾಗುತ್ತದೆ:

‘ಓಡಾಡೋಕೆ ಚೆನ್ನಾಗಿದೆ.’
‘ತುಂಬಾ ಚೆನ್ನಾಗಿದೆ.’
‘ದಿನ ಚೆನ್ನಾಗಿದೆ.’
‘ತುಂಬಾ ಚೆನ್ನಾಗಿದೆ.’
‘ಏನು ಸಮಾಚಾರ?’
‘ಬೆಕ್ಕಿನ ಮರಿ ಸತ್ತುಹೋಯಿತು.’

ಫ್ರಾನ್ಸಿನಲ್ಲಿ ನಾಟಕ ನೋಡದವರಿಗೂ ಈ ಬೆಕ್ಕಿನ ಸಾಲು ಗೊತ್ತು. ಹೊಸ ನಟಿಯರನ್ನು ಈ ಒಂದು ಸಾಲಿನಿಂದಲೇ ಅಳೆಯುವವರಿದ್ದಾರೆ. ಅತ್ತು ಹೇಳಬೇಕೋ, ಸುಮ್ನೆ ಹೇಳಬೇಕೋ? ಅರ್ನೊಲ್ಫ್ ಬೆಕ್ಕಿಗೆ ಒಂದು ಸಾಲಿನ ವೇದಾಂತ ಹೇಳಿ ಮುಗಿಸುತ್ತಾನೆ: ‘ಪಾಪ. ಏನು ಮಾಡೋದು, ಎಲ್ಲರೂ ಸಾಯೋರೇ. ನಾನಿಲ್ಲದಾಗ ಮಳೆ ಬಂತಾ?’ ಅವನಿಗೆ ಬೇಕಾದ ಸುದ್ದಿ ಬೇರೆ. ‘ಈ ಒಂಬತ್ತು ಹತ್ತು ದಿನ ಏನು ಮಾಡಿದೆ?’ ‘ಆರು ಅಂಗಿ ಹೊಲಿದೆ ಅನಿಸುತ್ತೆ, ಆರು ಟೋಪಿ ಕೂಡ.’

ಆಮೇಲೆ ಅವಳು ಹೇಳುವ ಬಾಲ್ಕನಿಯ ಪ್ರಸಂಗ ಇಡೀ ನಾಟಕದಲ್ಲಿ ನನಗೆ ಅತ್ಯಂತ ಇಷ್ಟ. ಅವಳು ಗಾಳಿಗೆ ಕೂತು ಹೊಲಿಯುತ್ತಿದ್ದಳು. ಮರಗಳ ಕೆಳಗೆ ಒಬ್ಬ ಚೆಂದದ ಯುವಕ ಹೋಗುತ್ತಿದ್ದ. ಅವಳನ್ನು ನೋಡಿ ತಲೆಬಾಗಿ ನಮಸ್ಕಾರ ಮಾಡಿದ. ಮರ್ಯಾದೆ ತಪ್ಪಬಾರದಲ್ಲ, ಅವಳೂ ಮಾಡಿದಳು. ಅವನು ಇನ್ನೊಂದು ಮಾಡಿದ. ಅವಳೂ ಇನ್ನೊಂದು ಮಾಡಿದಳು. ಅವನು ಮೂರನೆಯದು, ಅವಳೂ ಮೂರನೆಯದು. ಅವನು ಆಚೆ ಹೋಗಿ ಈಚೆ ಬಂದು ಪ್ರತಿ ಸಲವೂ ಬಾಗಿದ, ಅವಳು ಪ್ರತಿ ಸಲವೂ ಬಾಗಿದಳು. ‘ಕತ್ತಲಾಗದೆ ಇದ್ದಿದ್ದರೆ ನಾನು ಹಾಗೇ ಮುಂದುವರಿಸುತ್ತಿದ್ದೆ. ಅವರಿಗಿಂತ ನನಗೆ ಮರ್ಯಾದೆ ಕಡಿಮೆ ಅಂತ ಅವರು ಅಂದುಕೊಳ್ಳಬಾರದಲ್ಲ?’

ಇದರಲ್ಲಿ ಅವಳ ತಪ್ಪೇನಿದೆ ಹೇಳಿ? ಅವಳಿಗೆ ಕಲಿಸಿದ್ದು ವಿಧೇಯತೆ ಒಂದೇ. ಅದನ್ನೇ ಅವಳು ಪಾಲಿಸಿದ್ದಾಳೆ, ಚಾಚೂ ತಪ್ಪದೆ.

ಮರುದಿನ ಬಾಗಿಲಿಗೆ ಒಬ್ಬ ಮುದುಕಿ ಬರುತ್ತಾಳೆ. ‘ಮಗಳೇ, ನೀನು ಒಬ್ಬರಿಗೆ ಗಾಯ ಮಾಡಿದ್ದೀಯ.’ ಆನ್ಯೆಸ್‌ಗೆ ಗಾಬರಿ. ‘ಮೇಲಿಂದ ಅವರ ಮೇಲೆ ಏನಾದರೂ ಬೀಳಿಸಿದೆನಾ?’ ‘ಇಲ್ಲಮ್ಮಾ, ಗಾಯ ಮಾಡಿದ್ದು ನಿನ್ನ ಕಣ್ಣು.’ ‘ಅಯ್ಯೋ ದೇವರೇ, ನನ್ನ ಕಣ್ಣಿನಲ್ಲಿ ಅಂಥ ಕೆಟ್ಟದ್ದೇನಿದೆ?’ ಅವನು ಎರಡು ದಿನದಲ್ಲಿ ಸಾಯುತ್ತಾನಂತೆ. ಮದ್ದು ಒಂದೇ, ಅವಳನ್ನು ನೋಡಬೇಕಂತೆ. ಕೋಳಿಮರಿ ಸತ್ತರೂ ಅಳುವ ಹುಡುಗಿ ಬೇಡ ಅನ್ನುತ್ತಾಳೆಯೇ? ಒಳಗೆ ಕರೆದಳು.

ಈಗ ಅರ್ನೊಲ್ಫ್‌ನ ತನಿಖೆ. ಒರಾಸ್ ಏನು ಮಾಡಿದ? ಕೈ ಹಿಡಿದ, ತೋಳು ಹಿಡಿದ, ಮುತ್ತು ಕೊಟ್ಟ, ಸುಸ್ತೇ ಆಗಲಿಲ್ಲ ಅವನಿಗೆ. ಬೇರೆ ಏನಾದರೂ ತೆಗೆದುಕೊಂಡನಾ?

‘ಅವರು ನನ್ನ...’
‘ನಿನ್ನ?’
‘ನನ್ನ ಆ...’
‘ಆ?’
‘ಹೇಳೋಕೆ ಭಯ. ನೀವು ಬೈತೀರಿ.’
‘ಬೈಯಲ್ಲ.’
‘ಬೈತೀರಿ.’
‘ದೇವರಾಣೆ ಬೈಯಲ್ಲ.’
‘ಅವರು ನನ್ನ... ನೀವು ಕೊಟ್ಟಿದ್ದ ರಿಬ್ಬನ್ ತೆಗೆದುಕೊಂಡು ಹೋದರು.’

ಜನ ಬಿದ್ದು ಬಿದ್ದು ನಕ್ಕರು. ಕೆಲವರಿಗೆ ಸಿಟ್ಟು ಬಂತು, ಅಶ್ಲೀಲ ಅಂದರು. ಅಶ್ಲೀಲ ಯಾರ ತಲೆಯೊಳಗಿದೆ ಅನ್ನುವುದನ್ನು ಮೋಲಿಯೇರ್ ನಮಗೇ ಬಿಟ್ಟಿದ್ದಾನೆ. ಹುಡುಗಿಯ ತಲೆಯಲ್ಲಿ ಇರುವುದು ಒಂದು ರಿಬ್ಬನ್. ಅರ್ನೊಲ್ಫ್‌ನ ತಲೆಯಲ್ಲಿ, ನೋಡುವವರ ತಲೆಯಲ್ಲಿ ಇರುವುದು ಬೇರೆ.

ಇಲ್ಲಿ ಒಂದು ರಂಗದ ಸಂಗತಿ. ಬಾಲ್ಕನಿ ನಮಗೆ ಕಾಣುವುದಿಲ್ಲ, ಮುದುಕಿಯೂ ಕಾಣುವುದಿಲ್ಲ, ಮುತ್ತೂ ಇಲ್ಲ. ನಾಟಕವೆಲ್ಲ ನಡೆಯುವುದು ಮನೆಯ ಮುಂದಿನ ಬೀದಿಯಲ್ಲಿ. ಪ್ರೇಮಿಗಳಿಬ್ಬರೂ ರಂಗದ ಮೇಲೆ ಒಟ್ಟಿಗೆ ಕಾಣುವುದು ಕೊನೆಯ ಅಂಕದಲ್ಲಿ ಮಾತ್ರ. ಉಳಿದದ್ದೆಲ್ಲ ಒಬ್ಬರು ಹೇಳುವುದು, ಇನ್ನೊಬ್ಬರು ಕೇಳುವುದು. ಇದು ನಾಟಕವೇ ಅಲ್ಲ, ಬರೀ ವರದಿ ಅಂತ ಆಗಲೇ ಪಂಡಿತರು ತಕರಾರು ತೆಗೆದಿದ್ದರು. ಅವರು ನೋಡಬೇಕಾದ ಕಡೆ ನೋಡಲಿಲ್ಲ. ನೋಡಬೇಕಾದ್ದು ಹೇಳುವವನನ್ನಲ್ಲ, ಕೇಳುವವನ ಮುಖವನ್ನು. ಆ ಮುಖ ಮೋಲಿಯೇರನದು. ಕಣ್ಣು ಹೊರಳಿಸುವುದು, ನಿಟ್ಟುಸಿರು, ಪೆದ್ದು ಅಳು, ಇವೆಲ್ಲ ಅತಿಯಾಯಿತು ಅಂತ ವಿರೋಧಿಗಳು ದೂರಿದ್ದರು. ದೂರು ಕೊಟ್ಟವರ ಪುಣ್ಯದಿಂದ ಅವನು ಹೇಗೆ ನಟಿಸಿದ ಅನ್ನುವುದು ಇವತ್ತು ನಮಗೆ ಗೊತ್ತಿದೆ!

ಮೂರನೇ ಅಂಕದಲ್ಲಿ ಮದುವೆಯ ಪಾಠ. ಅರ್ನೊಲ್ಫ್ ಕುರ್ಚಿ ಹಾಕಿಸಿಕೊಂಡು ಕೂರುತ್ತಾನೆ, ಅವಳು ನಿಂತಿರುತ್ತಾಳೆ. ‘ಗಡ್ಡ ಯಾರಿಗಿದೆಯೋ ಅಧಿಕಾರವೆಲ್ಲ ಅವರದು’ ಅನ್ನುತ್ತಾನೆ. ಹಾದಿ ತಪ್ಪಿದ ಹೆಂಗಸರನ್ನು ನರಕದಲ್ಲಿ ಕುದಿಯುವ ಕೊಪ್ಪರಿಗೆಗೆ ಹಾಕುತ್ತಾರೆ ಅಂತ ಹೆದರಿಸುತ್ತಾನೆ. ಆಮೇಲೆ ಜೇಬಿನಿಂದ ಒಂದು ಪುಸ್ತಕ ತೆಗೆದು ಅವಳ ಕೈಯಲ್ಲೇ ಓದಿಸುತ್ತಾನೆ, ‘ಮದುವೆಯ ಸೂತ್ರಗಳು’. ಗಂಡನಿಗಲ್ಲದೆ ಬೇರೆ ಯಾರಿಗೂ ಅಲಂಕಾರ ಮಾಡಿಕೊಳ್ಳಬಾರದು, ಗಂಡಸರಿಂದ ಉಡುಗೊರೆ ತೆಗೆದುಕೊಳ್ಳಬಾರದು, ಹೀಗೆ. ಹತ್ತು ಓದಿಸುವ ಹೊತ್ತಿಗೆ ಅವನಿಗೇ ಸಾಕಾಗುತ್ತದೆ. ಏಳನೆಯದನ್ನು ನೆನಪಿಟ್ಟುಕೊಳ್ಳಿ: ಹೆಂಡತಿಯ ಸಾಮಾನಿನಲ್ಲಿ ಶಾಯಿ, ಕಾಗದ, ಲೇಖನಿ ಇರಬಾರದು. ಮನೆಯಲ್ಲಿ ಬರೆಯುವುದೇನಿದ್ದರೂ ಗಂಡನೇ ಬರೆಯಬೇಕು.

ಇಷ್ಟು ಹೊತ್ತಿಗೆ ಅವಳು ಆಗಲೇ ಬರೆದು ಮುಗಿಸಿದ್ದಾಳೆ. ಇದೇ ಈ ನಾಟಕದ ಚೆಂದ. ಹಿಂದಿನ ಅಂಕದಲ್ಲಿ ಅರ್ನೊಲ್ಫ್ ಅಪ್ಪಣೆ ಕೊಟ್ಟಿದ್ದ: ಆ ಹುಡುಗ ಬಂದರೆ ಬಾಗಿಲು ಹಾಕು, ಕಿಟಕಿಯಿಂದ ಕಲ್ಲು ಹೊಡೆ. ಅವಳು ಹೊಡೆದಳು. ಅರ್ನೊಲ್ಫ್ ತನ್ನ ಕಣ್ಣಾರೆ ನೋಡಿ ಸಂತೋಷಪಟ್ಟ. ಈಗ ಒರಾಸ್ ಬಂದು ಹೇಳುತ್ತಾನೆ, ಕಲ್ಲಿನ ಜೊತೆ ಒಂದು ಕಾಗದವೂ ಬಿತ್ತು! ‘ಆ ಪೆದ್ದ ಮನೆಯನ್ನೇ ಕೋಟೆ ಮಾಡಿಕೊಂಡು ಕೂತಿದ್ದಾನಲ್ಲ, ನಗು ಬರುವುದಿಲ್ಲವೇ ನಿಮಗೆ? ಸ್ವಲ್ಪ ನಗಿ!’ ಅರ್ನೊಲ್ಫ್ ಹೇಳುತ್ತಾನೆ: ‘ಕ್ಷಮಿಸು, ನನ್ನ ಕೈಲಾದಷ್ಟು ನಗುತ್ತಿದ್ದೇನೆ.’

ಆ ಕಾಗದವನ್ನು ಒರಾಸ್ ಓದುತ್ತಾನೆ. ಅಲ್ಲಿವರೆಗೆ ಎಲ್ಲರೂ ಹನ್ನೆರಡು ಉಚ್ಚಾರಾಂಶಗಳ ಪ್ರಾಸದ ಸಾಲುಗಳಲ್ಲಿ ಮಾತಾಡಿದ್ದಾರೆ. ಕಾಗದ ಮಾತ್ರ ಗದ್ಯ. ‘ನಿಮಗೆ ಬರೆಯಬೇಕು, ಎಲ್ಲಿಂದ ಶುರುಮಾಡಲಿ ಗೊತ್ತಾಗುತ್ತಿಲ್ಲ’ ಅಂತ ಶುರುವಾಗುತ್ತದೆ. ನನ್ನನ್ನು ಏನೂ ತಿಳಿಯದ ಹಾಗೆ ಬೆಳೆಸಿದ್ದಾರೆ ಅಂತ ಈಗ ತಿಳಿಯುತ್ತಿದೆ, ಹಾಗಾಗಿ ಬರೆಯಬಾರದ್ದನ್ನು ಬರೆದುಬಿಡುತ್ತೇನೋ ಅಂತ ಭಯ, ನೀವು ಮೋಸ ಮಾಡಿದರೆ ನಾನು ದುಃಖದಿಂದ ಸತ್ತೇಹೋಗುತ್ತೇನೆ ಅನ್ನುತ್ತಾಳೆ. ಪ್ರಾಸ ಇಲ್ಲ, ಅಲಂಕಾರ ಇಲ್ಲ. ಬೆಕ್ಕಿನ ಮರಿಯ ಸುದ್ದಿ ಹೇಳಿದ ಅದೇ ಹುಡುಗಿ ಒಂದೇ ದಿನದಲ್ಲಿ ಎಲ್ಲಿಗೆ ಬಂದಳು ನೋಡಿ.

ನಾಲ್ಕನೇ ಅಂಕವನ್ನೂ ಐದನೆಯದರ ಶುರುವನ್ನೂ ಬೇಗ ದಾಟುತ್ತೇನೆ. ಒರಾಸ್ ಅವಳ ಕೋಣೆಗೆ ಹೋಗಿದ್ದ. ಅರ್ನೊಲ್ಫ್ ಬಂದದ್ದರಿಂದ ಬೀರುವಿನೊಳಗೆ ಅಡಗಿದ. ಒಳಗಿನಿಂದ ಅವನಿಗೆ ಕೇಳಿಸಿದ್ದು: ಹೆಜ್ಜೆ ಸಪ್ಪಳ, ನಿಟ್ಟುಸಿರು, ಮೇಜಿಗೆ ಗುದ್ದು, ನಾಯಿಮರಿಗೆ ಒದೆತ, ಹೂದಾನಿ ಒಡೆದ ಸದ್ದು. ಇದನ್ನೂ ಅವನು ಬಂದು ಅರ್ನೊಲ್ಫ್‌ಗೇ ವರ್ಣಿಸುತ್ತಾನೆ. ತನ್ನ ಸಿಟ್ಟಿನ ವರದಿಯನ್ನು ತಾನೇ ಕೇಳಬೇಕಾದ ಸ್ಥಿತಿ! ಜೊತೆಗೆ, ಇವತ್ತು ರಾತ್ರಿ ಏಣಿ ಹಾಕಿ ಹತ್ತುತ್ತೇನೆ ಅನ್ನುತ್ತಾನೆ. ಅರ್ನೊಲ್ಫ್ ಆಳುಗಳಿಗೆ ದೊಣ್ಣೆ ಕೊಟ್ಟು ನಿಲ್ಲಿಸುತ್ತಾನೆ. ಹುಡುಗ ಏಣಿಯಿಂದ ಬೀಳುತ್ತಾನೆ, ಸತ್ತೇಹೋದ ಅಂತ ಆಳುಗಳು ಹೆದರಿ ಗಲಿಬಿಲಿಯಾಗುತ್ತಾರೆ, ಅದೇ ಗಲಾಟೆಯಲ್ಲಿ ಆನ್ಯೆಸ್ ಹೊರಗೆ ಓಡಿಬರುತ್ತಾಳೆ. ಕಲ್ಲು ಹೊಡೆಸಿದ್ದರಿಂದ ಕಾಗದ ಬಂತು. ದೊಣ್ಣೆ ಹಿಡಿಸಿದ್ದರಿಂದ ಹುಡುಗಿಯೇ ಹೊರಗೆ ಬಂದಳು. ಒರಾಸ್ ಅವಳನ್ನು ಜೋಪಾನ ಮಾಡಲು ಒಪ್ಪಿಸುವುದು ಯಾರಿಗೆ? ನಂಬಿಕಸ್ಥ ಅರ್ನೊಲ್ಫ್‌ಗೆ.

ಆಳು ಅಲೇನ್‌ನ ಎರಡನೇ ಅಂಕದ ಒಂದು ಮಾತು ಬಿಟ್ಟುಹೋಗಬಾರದು. ಯಜಮಾನರಿಗೆ ಯಾಕಿಷ್ಟು ಹೊಟ್ಟೆಕಿಚ್ಚು ಅಂತ ಜೊತೆಯ ಆಳು ಜೋರ್ಜೆಟ್ ಕೇಳುತ್ತಾಳೆ. ಅವನು ವಿವರಿಸುತ್ತಾನೆ: ‘ನಿನ್ನ ಸೂಪಿನ ಬಟ್ಟಲಿಗೆ ಹಸಿದವನೊಬ್ಬ ಬೆರಳು ಅದ್ದಲು ಬಂದರೆ ನಿನಗೆ ಸಿಟ್ಟು ಬರುತ್ತದೋ ಇಲ್ಲವೋ? ಹೆಂಗಸು ಅಂದರೆ ಗಂಡಸಿನ ಸೂಪು.’ ಆಳಿನ ಒರಟು ಮಾತು ಅಂತ ನಗುತ್ತೇವೆ. ಎರಡು ಅಂಕ ಕಳೆದ ಮೇಲೆ ಯಜಮಾನನೂ ಅಡುಗೆಮನೆಯ ಮಾತನ್ನೇ ಆಡುತ್ತಾನೆ: ಹದಿಮೂರು ವರ್ಷ ನನಗೋಸ್ಕರ ಸಣ್ಣ ಉರಿಯಲ್ಲಿ ಬೇಯಿಸಿಟ್ಟೆ, ಈಗ ಬೇರೆಯವನು ಬಂದು ಕಸಿದುಕೊಳ್ಳುವುದೇ!

ಐದನೇ ಅಂಕದಲ್ಲಿ ಅವರಿಬ್ಬರೇ ಎದುರುಬದುರು. ಇಲ್ಲಿ ನಗು ಬಿಗಿಯಾಗುತ್ತದೆ. ‘ನನ್ನನ್ನು ಯಾಕೆ ಪ್ರೀತಿಸಲಿಲ್ಲ?’ ಅಂತ ಅವನು ಕೇಳುತ್ತಾನೆ. ಅವಳು ಹೇಳುತ್ತಾಳೆ: ‘ನನ್ನನ್ನು ಯಾಕೆ ಬೈಯುತ್ತೀರಿ? ಅವರ ಹಾಗೆ ನೀವೂ ಪ್ರೀತಿ ಹುಟ್ಟಿಸಬಹುದಿತ್ತಲ್ಲ? ನಾನೇನೂ ಬೇಡ ಅಂದಿರಲಿಲ್ಲ.’ ಎಷ್ಟೋ ಕಷ್ಟಪಟ್ಟೆ ಅನ್ನುತ್ತಾನೆ. ‘ಹಾಗಾದರೆ ಆ ವಿಷಯದಲ್ಲಿ ಅವರಿಗೆ ನಿಮಗಿಂತ ಜಾಸ್ತಿ ಗೊತ್ತು. ಅವರಿಗೆ ಕಷ್ಟವೇ ಆಗಲಿಲ್ಲ.’ ಸಾಕಿ ಬೆಳೆಸಿದ ಖರ್ಚು ಎತ್ತಿದರೆ, ಅವರು ಕೊನೆಯ ಕಾಸಿನವರೆಗೂ ತೀರಿಸುತ್ತಾರೆ ಅನ್ನುತ್ತಾಳೆ. ಆಮೇಲೆ ಬರುವ ಮಾತು: ‘ಚೆನ್ನಾಗಿ ಓದಿಸಿದಿರಿ ನನ್ನನ್ನು! ನಾನು ಪೆದ್ದಿ ಅಂತ ನನಗೆ ಗೊತ್ತಾಗುವುದಿಲ್ಲ ಅಂದುಕೊಂಡಿರಾ?’ ಅವಳಿಗೆ ಸಿಟ್ಟು ಬಂದಿರುವುದು ಇದೊಂದು ಕಡೆ. ಬೀಗ ಹಾಕಿದ್ದಕ್ಕಲ್ಲ, ಹೆದರಿಸಿದ್ದಕ್ಕಲ್ಲ. ಓದಿಸದೆ ಬಿಟ್ಟದ್ದಕ್ಕೆ.

ಆಗ ಅರ್ನೊಲ್ಫ್ ಕುಸಿಯುತ್ತಾನೆ. ಅವನಿಗೆ ನಿಜವಾಗಿಯೂ ಪ್ರೀತಿ ಹುಟ್ಟಿಬಿಟ್ಟಿದೆ. ಅಳಲಾ? ಕೆನ್ನೆಗೆ ಹೊಡೆದುಕೊಳ್ಳಲಾ? ಅರ್ಧ ತಲೆಕೂದಲು ಕಿತ್ತುಕೊಳ್ಳಲಾ? ಸತ್ತುಹೋಗಲಾ? ಕೊನೆಗೆ, ‘ನಿನಗೆ ಹೇಗೆ ಬೇಕೋ ಹಾಗೆ ನಡೆದುಕೋ. ಇದಕ್ಕಿಂತ ಬಿಡಿಸಿ ಹೇಳಲಾರೆ’ ಅನ್ನುತ್ತಾನೆ. ಇದರ ಅರ್ಥ ಯೋಚಿಸಿ. ಜೀವಮಾನವೆಲ್ಲ ಯಾವುದಕ್ಕೆ ಹೆದರಿದನೋ, ಯಾವುದನ್ನು ತಪ್ಪಿಸಲು ಒಂದು ಮಗುವಿನ ಹದಿಮೂರು ವರ್ಷವನ್ನು ಹಾಳುಮಾಡಿದನೋ, ಅದಕ್ಕೇ ಈಗ ಒಪ್ಪಿದ್ದಾನೆ. ಅವಳ ಉತ್ತರ: ‘ನಿಮ್ಮ ಮಾತೆಲ್ಲ ನನ್ನ ಮನಸ್ಸಿಗೆ ತಾಕುವುದೇ ಇಲ್ಲ. ಒರಾಸ್ ಎರಡು ಮಾತಾಡಿದರೆ ಇದಕ್ಕಿಂತ ಜಾಸ್ತಿ ತಾಕುತ್ತದೆ.’ ಅವಳಿಗೆ ಚುಚ್ಚಬೇಕೆಂದಿಲ್ಲ. ಇದ್ದದ್ದನ್ನು ಹೇಳಿದಳು. ಸುಳ್ಳು ಹೇಳುವುದನ್ನು ಅವನು ಕಲಿಸಿರಲಿಲ್ಲವಲ್ಲ.

ಅಂತ್ಯ ನನಗೆ ಅಷ್ಟಕ್ಕಷ್ಟೇ. ಹದಿನಾಲ್ಕು ವರ್ಷ ಅಮೆರಿಕದಲ್ಲಿದ್ದ ಆನ್ರಿಕ್ ದಿಢೀರನೆ ಬರುತ್ತಾನೆ. ಅವನೇ ಆನ್ಯೆಸ್‌ಳ ಅಪ್ಪ. ಅವಳ ಅಮ್ಮ ಕ್ರಿಸಾಲ್ಡ್‌ನ ತಂಗಿಯಂತೆ, ಗುಟ್ಟಾಗಿ ಮದುವೆಯಾಗಿದ್ದಳಂತೆ. ಒರಾಸ್‌ನ ಅಪ್ಪ ಗೊತ್ತುಮಾಡಿದ್ದ ಹುಡುಗಿಯೂ ಇವಳೇ. ಆದರೆ ಆ ಕಾಲದ ಕಾನೂನು ನೋಡಿದರೆ ಮೋಲಿಯೇರನಿಗೆ ಬೇರೆ ದಾರಿ ಕಡಿಮೆ ಇತ್ತು. 1556ರ ರಾಜಾಜ್ಞೆಯ ಪ್ರಕಾರ ಮೂವತ್ತರೊಳಗಿನ ಗಂಡು, ಇಪ್ಪತ್ತೈದರೊಳಗಿನ ಹೆಣ್ಣು ಹೆತ್ತವರ ಒಪ್ಪಿಗೆ ಇಲ್ಲದೆ ಮದುವೆಯಾದರೆ ಆಸ್ತಿ ತಪ್ಪಿಸಬಹುದಿತ್ತು. ಅಪ್ಪಂದಿರು ಬಂದು ತಲೆ ಆಡಿಸದೆ ನಾಟಕ ಸುಖವಾಗಿ ಮುಗಿಯುವ ಹಾಗಿರಲಿಲ್ಲ. ಅರ್ನೊಲ್ಫ್ ಒಂದೂ ಮಾತಾಡಲಾರದೆ ‘ಓ!’ ಅಂತ ಉಸಿರು ಬಿಟ್ಟು ಹೊರಟುಹೋಗುತ್ತಾನೆ. ಕೇಳುತ್ತಲೇ ಇದ್ದವನಿಗೆ ಕೊನೆಗೆ ಹೇಳುವುದಕ್ಕೆ ಸಿಕ್ಕಿದ್ದು ಒಂದು ಅಕ್ಷರ.

ಇನ್ನು ಗಲಾಟೆಯ ವಿಷಯ. ನಾಟಕ ಭರ್ಜರಿ ಓಡಿತು, ಅಷ್ಟೇ ಭರ್ಜರಿಯಾಗಿ ಜಗಳವೂ ಹತ್ತಿತು. ರಿಬ್ಬನ್ ದೃಶ್ಯ ಅಸಭ್ಯ, ನರಕದ ಕೊಪ್ಪರಿಗೆ ಮತ್ತು ಮದುವೆಯ ಸೂತ್ರಗಳು ಧರ್ಮಕ್ಕೆ ಅಪಚಾರ, ‘ಕ್ರೀಮ್ ಟಾರ್ಟ್’ ಅನ್ನುವ ಜೋಕು ಕೀಳು, ಹೀಗೆ. ಈ ಕ್ರೀಮ್ ಟಾರ್ಟ್ ಅಂದರೆ, ಪ್ರಾಸ ಹೊಂದಿಸಿ ಉತ್ತರ ಹೇಳುವ ಆಟದಲ್ಲಿ ನನ್ನ ಹೆಂಡತಿ ಪ್ರಾಸ ತಪ್ಪಿಸಿ ‘ಕ್ರೀಮ್ ಟಾರ್ಟ್’ ಅನ್ನುವಷ್ಟು ಪೆದ್ದಿಯಾಗಿರಬೇಕು ಅಂತ ಅರ್ನೊಲ್ಫ್ ಹೇಳುತ್ತಾನೆ. ಅಷ್ಟಕ್ಕೇ ರಂಪ. ಮೋಲಿಯೇರ್ ಉತ್ತರ ಕೊಟ್ಟದ್ದು ಇನ್ನೊಂದು ನಾಟಕದಿಂದ. 1663ರ ಜೂನ್ 1ರಂದು ‘ಹೆಂಡತಿಯರ ಶಾಲೆಯ ವಿಮರ್ಶೆ’ ಆಡಿಸಿದ. ಒಂದು ಮನೆಯ ಹಜಾರದಲ್ಲಿ ಜನ ಕೂತು ಅದೇ ನಾಟಕದ ಬಗ್ಗೆ ಜಗಳವಾಡುತ್ತಾರೆ. ಅದರಲ್ಲೊಬ್ಬ ಮಾರ್ಕ್ವಿಸ್‌ಗೆ ನಾಟಕ ಯಾಕೆ ಹಿಡಿಸಲಿಲ್ಲ ಅಂತ ಕೇಳಿದರೆ, ‘ಕ್ರೀಮ್ ಟಾರ್ಟ್! ಥೂ, ಕ್ರೀಮ್ ಟಾರ್ಟ್!’ ಅನ್ನುವುದು ಬಿಟ್ಟು ಬೇರೆ ಕಾರಣ ಬಾಯಿಗೆ ಬರುವುದಿಲ್ಲ.

ಆಗ ಶ್ರೀಮಂತರಿಗೆ ರಂಗದ ಮೇಲೆಯೇ ಕುರ್ಚಿ, ಸಾಮಾನ್ಯರು ಕೆಳಗೆ ನಿಂತು ನೋಡಬೇಕು. ಜನ ನಕ್ಕಾಗಲೆಲ್ಲ ರಂಗದ ಮೇಲೆ ಕೂತ ಒಬ್ಬ ದೊಡ್ಡಮನುಷ್ಯ ಹೆಗಲು ಕುಣಿಸಿ, ಕೆಳಗೆ ನೋಡಿ, ‘ನಗಿ, ನಗಿ, ಚೆನ್ನಾಗಿ ನಗಿ!’ ಅಂತ ಕೂಗುತ್ತಿದ್ದನಂತೆ. ಅದೇ ಎರಡನೇ ಪ್ರಹಸನವಾಯಿತು ಅಂತ ‘ವಿಮರ್ಶೆ’ಯಲ್ಲಿ ದೊರಾಂತ್ ಅನ್ನುವ ಪಾತ್ರ ಹೇಳುತ್ತಾನೆ. ಹದಿನೈದು ಸೋಲ್ ಚಿಲ್ಲರೆ ಕೊಟ್ಟು ನಿಂತವನಿಗೂ ಅರ್ಧ ಲೂಯಿಯ ಚಿನ್ನದ ನಾಣ್ಯ ಕೊಟ್ಟು ಕೂತವನಿಗೂ ಅಭಿರುಚಿಯಲ್ಲಿ ಏನೂ ವ್ಯತ್ಯಾಸವಿಲ್ಲ ಅನ್ನುವುದೂ ಅವನ ಮಾತೇ. ಅದೇ ನಾಟಕದಲ್ಲಿ ಯುರಾನಿ ಅನ್ನುವ ಹೆಂಗಸು ಒಂದು ಸೂಕ್ಷ್ಮ ಹೇಳುತ್ತಾಳೆ. ಬುದ್ಧಿವಂತ ಗಂಡಸಿಗೆ ಮುಗ್ಧ ಹುಡುಗಿಯೂ ಎಚ್ಚರಿಕೆ ಕೊಡುತ್ತಾಳೆ, ತಲೆ ನಿಲ್ಲದ ಪ್ರೇಮಿಯೂ ಕೊಡುತ್ತಾನೆ, ಆದರೂ ಅವನು ತಪ್ಪಿಸಿಕೊಳ್ಳಲಾರ, ಚೆಂದ ಇರುವುದೇ ಅಲ್ಲಿ. ಇಷ್ಟು ಹೊತ್ತು ನಾನು ಹೇಳಿದ್ದೂ ಇದನ್ನೇ. ಮೋಲಿಯೇರ್ ಮೊದಲೇ ಹೇಳಿಬಿಟ್ಟಿದ್ದ.

ದೊರೆ ಹದಿನಾಲ್ಕನೇ ಲೂಯಿ ಮೋಲಿಯೇರನ ಪರ ನಿಂತ. 1663ರಲ್ಲೇ ವರ್ಷಕ್ಕೆ 1000 ಲೀವ್ರ್ ಭತ್ಯೆ ಕೊಟ್ಟ. ಮರುವರ್ಷ ಮೋಲಿಯೇರನ ಮೊದಲ ಮಗನಿಗೆ ಧರ್ಮಪಿತನೂ ಆದ. ಆದರೆ ಧರ್ಮದ ಹೆಸರಿನ ಸಿಟ್ಟು ಆರಲಿಲ್ಲ. 1664ರಲ್ಲಿ ‘ತಾರ್ತ್ಯೂಫ್’ ಬಂದಾಗ ಅದೇ ಬೆಂಕಿ ಮತ್ತೆ ಹತ್ತಿತು, ನಾಟಕಕ್ಕೆ ಐದು ವರ್ಷ ಅನುಮತಿ ಸಿಗಲಿಲ್ಲ.

ಆಮೇಲಿನ ಪ್ರಯೋಗಗಳಲ್ಲಿ ಒಂದನ್ನು ಹೇಳಲೇಬೇಕು. 1936ರಲ್ಲಿ ನಟ, ನಿರ್ದೇಶಕ ಲೂಯಿ ಜೂವೆ ಪ್ಯಾರಿಸ್ಸಿನ ಅತೆನೆ ರಂಗಮಂದಿರದಲ್ಲಿ ಇದನ್ನು ಆಡಿಸಿದ. ತಾನೇ ಅರ್ನೊಲ್ಫ್. ರಂಗಸಜ್ಜಿಕೆ ಕ್ರಿಸ್ತಿಯಾನ್ ಬೆರಾರ್‌ನದು. ಬೀದಿಯಲ್ಲೇ ನಡೆಯುವ ನಾಟಕದಲ್ಲಿ ಗುಟ್ಟಿನ ಮಾತು, ಕುರ್ಚಿ ಹಾಕಿ ಪಾಠ, ಇವೆಲ್ಲ ಸ್ವಲ್ಪ ಅಸಹಜ ಅನಿಸುತ್ತದಲ್ವಾ? ಬೆರಾರ್ ತೋಟದ ಗೋಡೆಗಳನ್ನು ಎರಡು ರೆಕ್ಕೆಗಳ ಹಾಗೆ ತೆರೆದು ಮುಚ್ಚುವಂತೆ ಮಾಡಿದ. ಮುಚ್ಚಿದರೆ ಬೀದಿ, ತೆರೆದರೆ ಆನ್ಯೆಸ್‌ಳ ತೋಟ. ಪಂಡಿತರು ಇನ್ನೂರೈವತ್ತು ವರ್ಷ ಆಡಿದ ತಕರಾರಿಗೆ ಕೀಲಿನ ಮೇಲೆ ತಿರುಗುವ ಒಂದು ಗೋಡೆ ಉತ್ತರ ಕೊಟ್ಟಿತು.

ಇನ್ನು ನೀವು ಕೇಳಿದ ಪ್ರಶ್ನೆಗಳು.

ಮೋಲಿಯೇರ್ ತನ್ನ ಕತೆಯನ್ನೇ ಬರೆದನಾ ಅಂತ ಒಬ್ಬರು ಕೇಳಿದರು. ಆ ಅನುಮಾನ ಹಳೆಯದು. 1662ರ ಫೆಬ್ರವರಿಯಲ್ಲಿ ಅವನು ಆರ್ಮಾಂದ್ ಬೆಜಾರ್‌ಳನ್ನು ಮದುವೆಯಾದ. ಅವನಿಗೆ ನಲವತ್ತು, ಅವಳಿಗೆ ಇಪ್ಪತ್ತರ ಆಸುಪಾಸು. ಡಿಸೆಂಬರಿನಲ್ಲಿ ಈ ನಾಟಕ. ವಿರೋಧಿಗಳು ಸುಮ್ನೆ ಬಿಡುತ್ತಾರೆಯೇ? ಆದರೆ ನನಗೆ ಆ ಲೆಕ್ಕ ಹಿಡಿಸುವುದಿಲ್ಲ. ಮದುವೆಗೆ ಮುಂಚೆಯೇ, 1661ರಲ್ಲಿ, ಅವನು ‘ಗಂಡಂದಿರ ಶಾಲೆ’ ಬರೆದಿದ್ದ. ಅದರಲ್ಲಿ ಇಬ್ಬರು ಅಣ್ಣತಮ್ಮಂದಿರು ಇಬ್ಬರು ಹುಡುಗಿಯರನ್ನು ಸಾಕುತ್ತಾರೆ. ಕೂಡಿಹಾಕಿದ ತಮ್ಮನ ಹುಡುಗಿ ಓಡಿಹೋಗುತ್ತಾಳೆ. ಸ್ವಾತಂತ್ರ್ಯ ಕೊಟ್ಟ ಅಣ್ಣ ಅರವತ್ತರ ಹತ್ತಿರದವನು. ಅವನ ಹುಡುಗಿ ಅವನನ್ನೇ ಮದುವೆಯಾಗುತ್ತಾಳೆ. ಮೋಲಿಯೇರನಿಗೆ ವಯಸ್ಸು ತೊಂದರೆಯಲ್ಲ, ಬೀಗ ತೊಂದರೆ. ಮತ್ತೊಂದು, ಮೊದಲ ಪ್ರದರ್ಶನದಲ್ಲಿ ಆನ್ಯೆಸ್ ಆಗಿದ್ದವಳು ಅವನ ಹೆಂಡತಿಯಲ್ಲ, ತಂಡದ ಕತ್ರೀನ್ ದ ಬ್ರಿ.

ಒರಾಸ್ ಮಾತ್ರ ಏನು ಒಳ್ಳೆಯವನು ಅಂತ ಇನ್ನೊಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಮುದುಕಿಗೆ ದುಡ್ಡು ಕೊಟ್ಟು ಸುಳ್ಳು ಹೇಳಿಸಿದವನು ಅವನೇ. ಬಾಯಿ ನಿಲ್ಲದವನು. ಅವಳು ಓಡಿಬಂದಾಗ ಅವಳ ಮಾನ ಕಾಪಾಡಬೇಕು ಅಂತ ಯೋಚಿಸುತ್ತಾನೆ, ಅಷ್ಟು ಅವನ ಪಾಲಿಗೆ ಜಮೆ. ಮದುವೆಯಾದ ಮೇಲೆ ಅವಳಿಗೆ ಶಾಯಿ, ಕಾಗದ ಕೊಡುತ್ತಾನೋ ಇಲ್ಲವೋ ನಾಟಕ ಹೇಳುವುದಿಲ್ಲ. ಕೊನೆಯ ದೃಶ್ಯದಲ್ಲಿ ಅವಳ ಕೈ ಒಬ್ಬ ಗಂಡಸಿನಿಂದ ಇನ್ನೊಬ್ಬನಿಗೆ ಹೋಗುತ್ತದೆ, ಎಲ್ಲ ತೀರ್ಮಾನವಾಗುವಾಗ ಅವಳ ಮಾತೇ ಇಲ್ಲ ಅನ್ನುವಷ್ಟು ಕಡಿಮೆ. ಆಡಿಸುವವರು ಅದನ್ನು ಗಮನಿಸಬೇಕು.

ಕಾಲೇಜು ತಂಡದವರೊಬ್ಬರು ಕೇಳಿದರು: ಎರಡು ಗಂಟೆಯೊಳಗೆ ಆಡಬೇಕು, ಏನು ಕತ್ತರಿಸಬಹುದು? ನಾಲ್ಕನೇ ಅಂಕದಲ್ಲಿ ನೋಟರಿ ಬಂದು ಮದುವೆ ಕರಾರಿನ ಬಗ್ಗೆ ಉದ್ದಕ್ಕೆ ಕೊರೆಯುತ್ತಾನಲ್ಲ, ಅದನ್ನು ಅರ್ಧ ಮಾಡಿ. ಅಪ್ಪಂದಿರ ವಿವರಣೆಯನ್ನು ನಾಲ್ಕು ಸಾಲಿಗೆ ಇಳಿಸಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸೂತ್ರಗಳಲ್ಲಿ ಐದು ಸಾಕು, ಆದರೆ ಏಳನೆಯದು ಇರಲಿ. ಕಾಗದವನ್ನು ಮಾತ್ರ ಮುಟ್ಟಬೇಡಿ. ಅದನ್ನು ಓದುವವನು ಒರಾಸ್ ಆದರೂ ಬೆಳಕನ್ನು ಅರ್ನೊಲ್ಫ್‌ನ ಮುಖದ ಮೇಲೆ ಬಿಡಿ.